74 ದಿನ ಸುಮ್ಮನೆ ಕಣ್ಣು ಮಿಟುಕಿಸಿದ ನಿಮ್ಮ ಡ್ಯಾಶ್‌ಕ್ಯಾಮ್ ಬಗ್ಗೆ ದೂರು

ಶಿರಸಿ
20 ಆಗಸ್ಟ್ 2025

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
(ಕಂಪನಿಯ ಹೆಸರು ಲಕೋಟೆಯ ಮೇಲಿದೆ. ಈ ಪತ್ರದ ಪ್ರತಿಯನ್ನು ಇನ್ನೂ ನಾಲ್ಕು ಜನ ಓದುವುದರಿಂದ ಒಳಗೆ ಬರೆದಿಲ್ಲ. ಸದ್ಯಕ್ಕೆ.)

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದ್ದೇನೆ, ಎರಡು ಇಮೇಲ್ ಕಳಿಸಿದ್ದೇನೆ, ಒಮ್ಮೆ ಬಸ್ಸು ಹತ್ತಿ ಹುಬ್ಬಳ್ಳಿಯ ನಿಮ್ಮ ಸೇವಾ ಕೇಂದ್ರಕ್ಕೂ ಬಂದಿದ್ದೇನೆ. ಬಸ್ಸು ಯಾಕೆಂದರೆ ನನ್ನ ಕಾರು ಆಗ ಗ್ಯಾರೇಜಿನಲ್ಲಿತ್ತು. ಅದು ಅಲ್ಲಿಗೆ ಯಾಕೆ ಹೋಯಿತು ಎಂಬುದಕ್ಕೆ ನಿಮ್ಮ ಕ್ಯಾಮೆರಾದಲ್ಲಿ ಸಾಕ್ಷಿ ಇರಬೇಕಿತ್ತು. ಇಲ್ಲ. ಹಾಗಾಗಿ ಈ ಪತ್ರ.

ನಾನು ಶಿರಸಿಯಲ್ಲಿ ಸ್ವಂತ ಕಾರು ಬಾಡಿಗೆಗೆ ಓಡಿಸುವವನು. ವಾರದಲ್ಲಿ ಆರು ದಿನ ದೇವಿಮನೆ ಘಟ್ಟ ಇಳಿದು ಹತ್ತುತ್ತೇನೆ. ಗೋಕರ್ಣ, ಯಾಣ, ಮುರ್ಡೇಶ್ವರದ ಪ್ರವಾಸಿಗರು; ನಡುವೆ ಮಣಿಪಾಲಕ್ಕೆ ಹೋಗುವ ರೋಗಿಗಳು. 2024ರ ಅಕ್ಟೋಬರಿನಲ್ಲಿ ನಿಮ್ಮ ಅಧಿಕೃತ ಮಾರಾಟಗಾರರಿಂದ ಕಾರಿನ ಗಾಜಿಗೆ ಅಂಟಿಸಿ ದಾರಿಯ ವಿಡಿಯೊ ತೆಗೆಯುವ, ಮುಂದೆ ಹಿಂದೆ ಎರಡೂ ಕಡೆ ನೋಡುವ ಕ್ಯಾಮೆರಾವನ್ನು 8,499 ರೂಪಾಯಿಗೆ ಕೊಂಡೆ. ಬಿಲ್ಲಿನಲ್ಲಿ ‘64 ಜಿಬಿ ಕಾರ್ಡ್ ಸಹಿತ’ ಎಂದಿದೆ. ಆ ಮೆಮೊರಿ ಕಾರ್ಡು ನಿಮ್ಮ ಡಬ್ಬಿಯೊಳಗೇ, ನಿಮ್ಮದೇ ಲಾಂಛನದ ಪುಟ್ಟ ಲಕೋಟೆಯಲ್ಲಿತ್ತು. ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿ, ಮುಂದೆ ಬೇಕಾಗುತ್ತದೆ.

2025ರ ಜುಲೈ 24, ಗುರುವಾರ, ಮಳೆ. ಘಟ್ಟದಲ್ಲಿ ರಸ್ತೆ ಅಗಲ ಮಾಡುತ್ತಿರುವ ಕಡೆ ಏರಿನಲ್ಲಿ ನಿಂತಿದ್ದ ಜಲ್ಲಿ ಟಿಪ್ಪರು ಹಿಂದಕ್ಕೆ ಜಾರಿ ನನ್ನ ಬಾನೆಟ್ಟಿನ ಮೇಲೆ ಬಂತು. ಯಾರಿಗೂ ಪೆಟ್ಟಾಗಲಿಲ್ಲ. ಇಳಿದು ಬಂದ ಟಿಪ್ಪರಿನವ, ‘ನೀನೇ ಹಿಂದಿನಿಂದ ಬಂದು ಗುದ್ದಿದ್ದು’ ಎಂದ. ಹಿಂದಿದ್ದವನದೇ ತಪ್ಪು ಎಂದು ಲೋಕವೂ ನಂಬುತ್ತದೆ. ನಾನು ಜಗಳವಾಡಲಿಲ್ಲ. ನಗುತ್ತಾ ಗಾಜಿನ ಕಡೆ ಕೈ ತೋರಿಸಿದೆ. ಆ ನಗುವಿನ ಬಗ್ಗೆ ಈಗ ನನಗೆ ನಾಚಿಕೆಯಿದೆ.

ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿದರೆ ಕಡೆಯ ವಿಡಿಯೊ ಮೇ 11ರದ್ದು. ಅಲ್ಲಿಂದ ಜುಲೈ 24ಕ್ಕೆ 74 ದಿನ. ಅಷ್ಟೂ ದಿನ ಕೆಂಪು ದೀಪ ಮಿಟುಕಿಸುತ್ತಿತ್ತು, ಪರದೆಯ ಮೇಲೆ ಗಡಿಯಾರ ಓಡುತ್ತಿತ್ತು. ನಿಮ್ಮ ಕೈಪಿಡಿ ಹೇಳಿದಂತೆ ಜೂನ್ 1ಕ್ಕೆ, ಜುಲೈ 1ಕ್ಕೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದ್ದೆ, ಅಂದರೆ ಪೂರ್ತಿ ಅಳಿಸಿದ್ದೆ. ಎರಡೂ ಸಲ ‘ಪೂರ್ಣಗೊಂಡಿದೆ’ ಎಂದಿತು. ಏನೂ ಪೂರ್ಣಗೊಂಡಿರಲಿಲ್ಲ. ಪರಿಚಯದ ಮೊಬೈಲ್ ಅಂಗಡಿಯ ಹುಡುಗ ಕಾರ್ಡಿಗೆ ಒಂದು ಫೋಟೊ ಹಾಕಿ ತೋರಿಸಿದ. ಹೋಯಿತು. ಕಾರ್ಡು ಹೊರಗೆಳೆದು ಮತ್ತೆ ಹಾಕಿದ. ಫೋಟೊ ಇಲ್ಲ, ಮೇ ತಿಂಗಳ ವಿಡಿಯೊಗಳು ಹಾಗೇ ಇವೆ. ‘ಅಣ್ಣಾ, ಇದು ಸವೆದು ಹೋಗಿದೆ. ಓದ್ತದೆ, ಬರೆಯೋದಿಲ್ಲ. ಅಳಿಸಿದೆ ಅಂತ ಸುಳ್ಳೂ ಹೇಳ್ತದೆ’ ಎಂದ. ಎರಡು ನಿಮಿಷ ಹಿಡಿಯಿತು. ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನು ಆಗಸ್ಟ್ 5ರಂದು ನಿಮ್ಮ ಹುಬ್ಬಳ್ಳಿ ಕೌಂಟರಿನಲ್ಲಿ ನಡೆದದ್ದು. ನನ್ನ ಟೋಕನ್ 17. ಎರಡು ತಾಸು ಕಾದೆ. ಅದನ್ನು ದೂರಿನಲ್ಲಿ ಸೇರಿಸುತ್ತಿಲ್ಲ. ನನ್ನ ಹಿಂದೆ ಏಳೆಂಟು ಜನ ಇದ್ದರು. ಕೌಂಟರಿನ ಹುಡುಗ ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ, ಊಟದಲ್ಲಿ ಸಿಕ್ಕ ಕಲ್ಲನ್ನು ನೋಡುವ ಹಾಗೆ ನೋಡಿ ಕೇಳಿದ:

‘ಅಂಕಲ್, ಇದನ್ನ ಎಲ್ಲಿಂದ ತಂದೀರಿ? ಮೊಬೈಲ್‌ದಾಗಿಂದ ತಗದು ಹಾಕೀರೇನು?’

‘ಇಲ್ಲಪ್ಪ, ನಿಮ್ಮ ಡಬ್ಬಿಯಲ್ಲೇ ಬಂದದ್ದು.’

‘ನಮ್ಮ ಡಬ್ಬ್ಯಾಗ ಕಾರ್ಡ್ ಬರೂದಿಲ್ರೀ.’

ಬಿಲ್ಲು ಕೊಟ್ಟೆ. ಓದಿದ. ತಿರುಗಿಸಿದ. ಬಿಲ್ಲಿನ ಹಿಂಬದಿಯಲ್ಲಿ ನನ್ನ ಹೆಂಡತಿ ಯಾವಾಗಲೋ ದಿನಸಿ ಪಟ್ಟಿ ಬರೆದಿದ್ದಳು. ಅದನ್ನೂ ಓದಿದ, ಗಟ್ಟಿಯಾಗಿ. ‘ಅರ್ಧ ಕೇಜಿ ಉದ್ದಿನಬ್ಯಾಳಿ, ಒಂದು ಬಟ್ಟೆ ಸೋಪು... ಇದೂ ನಮ್ಮ ಡಬ್ಬ್ಯಾಗ ಬಂದಿತ್ತೇನ್ರೀ?’ ಹಿಂದಿದ್ದವರು ನಕ್ಕರು. ನಾನೂ ನಕ್ಕೆ. ಐವತ್ತೆರಡನೇ ವಯಸ್ಸಿನಲ್ಲಿ ಅಂಥ ಹೊತ್ತಿಗೆ ಬೇರೇನು ಮಾಡಬೇಕೆಂದು ತಿಳಿಯುವುದಿಲ್ಲ.

ಆಮೇಲೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಕಡೆಯ ವಿಡಿಯೊ ತೆರೆದ. ಧ್ವನಿ ಏರಿಸಿದ. ಮೇ 11, ಭಾನುವಾರ. ಗೋಕರ್ಣಕ್ಕೆ ಹೊರಟಿದ್ದ ಬೆಂಗಳೂರಿನವರು ತಿರುವಿನಲ್ಲಿ ಹೆದರಿದ್ದರು. ನಿಮ್ಮ ಕೌಂಟರಿನ ಸ್ಪೀಕರಿನಲ್ಲಿ ನನ್ನದೇ ಸ್ವರ: ‘ಎಂತ ಹೆದರ್ಕೆ ಮಾರಾಯ್ರೇ, ಈ ಕ್ಯಾಮೆರಾ ಇದೆಯಲ್ಲ. ನಾಳೆ ಯಾರಾದ್ರೂ ಗುದ್ದಿದ್ರೂ ಸಾಕ್ಷಿ ಹುಡುಕ್ಬೇಕಂತಿಲ್ಲ.’ ಹುಡುಗ ಅದನ್ನು ಹಿಂದಕ್ಕೆಳೆದು ಇನ್ನೊಮ್ಮೆ ಹಾಕಿದ. ‘ಛಲೋ ಜಾಹೀರಾತು ಮಾಡೀರಿ ಅಂಕಲ್’ ಎಂದ. ನಿಮ್ಮ ಜಾಹೀರಾತಿಗೆ ನಾನು ಹಣ ಕೇಳುತ್ತಿಲ್ಲ, ಗಮನಿಸಿ.

‘ಕಾರ್ಡ್ ಅಂದ್ರ ಟೈರ್ ಇದ್ದಂಗ್ರೀ, ಸವೀತಾವು. ವಾರಂಟಿ ಬರೂದಿಲ್ಲ. ಅಷ್ಟಕ್ಕೂ ಡ್ಯಾಶ್‌ಕ್ಯಾಮಿಗೆ ಹೈ ಎಂಡ್ಯೂರೆನ್ಸ್ ಕಾರ್ಡೇ ಹಾಕಬೇಕ್ರೀ. ಮ್ಯಾನುವಲ್ ಓದಿಲ್ಲೇನು?’

ಓದಿದ್ದೇನೆ. 23ನೇ ಪುಟ. ‘ಹೈ ಎಂಡ್ಯೂರೆನ್ಸ್ ಕಾರ್ಡನ್ನೇ ಬಳಸಿ; ಸಾಮಾನ್ಯ ಕಾರ್ಡಿನಿಂದಾದ ನಷ್ಟಕ್ಕೆ ಕಂಪನಿ ಹೊಣೆಯಲ್ಲ.’ ಹೈ ಎಂಡ್ಯೂರೆನ್ಸ್ ಎಂದರೆ ಸತತ ಅಳಿಸಿ ಬರೆದರೂ ಬೇಗ ಸವೆಯದ ಕಾರ್ಡು. ನಿಮ್ಮ ನಿಯಮ ನಿಮಗೆ ಗೊತ್ತೇ ಇದೆ. ಗೊತ್ತಿದ್ದೂ ಅದೇ ಡಬ್ಬಿಗೆ ಸಾಮಾನ್ಯ ಕಾರ್ಡು ತುಂಬಿಸಿದವರು ಯಾರು? ಶಿರಸಿ ಪೇಟೆಯಲ್ಲಿ ರಾಶಿ ಅಡಿಕೆ ಎಂದು ಬಿಲ್ಲು ಹರಿದು ಚೀಲಕ್ಕೆ ಅದಕ್ಕಿಂತ ಅಗ್ಗದ ಕೆಂಪುಗೋಟು ತುಂಬಿಸಿದವನನ್ನು ಮರುದಿನ ಯಾರೂ ಅಂಗಡಿ ಮೆಟ್ಟಿಲು ಹತ್ತಿಸುವುದಿಲ್ಲ. ಟೈರಿನ ಮಾತಿಗೂ ಹೇಳಿಬಿಡುತ್ತೇನೆ: ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ. ಸವೆದ ಮೇಲೆ 74 ದಿನ ಉರುಳುವ ನಾಟಕ ಮಾಡುವುದಿಲ್ಲ.

ಲೆಕ್ಕ ಹಾಕಿ ನೋಡಿದ್ದೇನೆ. ನಿಮ್ಮ ಕ್ಯಾಮೆರಾ ಮೂರು ಮೂರು ನಿಮಿಷದ ತುಂಡು ಬರೆಯುತ್ತದೆ: ಮುಂದಿನದು ಸುಮಾರು 360 ಎಂಬಿ, ಹಿಂದಿನದು 225. ತಾಸಿಗೆ 11.7 ಜಿಬಿ. 64 ಜಿಬಿ ಕಾರ್ಡು ಐದೂವರೆ ತಾಸಿನೊಳಗೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಸುರು. ನಾನು ದಿನಕ್ಕೆ ಒಂಬತ್ತು ತಾಸು ಓಡಿಸುತ್ತೇನೆ. ಅಂದರೆ ಇಡೀ ಕಾರ್ಡು ದಿನಕ್ಕೆ ಒಂದೂವರೆ ಸಲಕ್ಕಿಂತ ಹೆಚ್ಚು ಅಳಿಸಿ ಬರೆದಾಗುತ್ತದೆ. ಇದರ ಮೇಲೆ ನಿಮ್ಮವರೇ 1,200 ರೂಪಾಯಿ ತೆಗೆದುಕೊಂಡು ಗಾಡಿ ನಿಂತಾಗಲೂ ರೆಕಾರ್ಡು ಮಾಡುವ ಪಾರ್ಕಿಂಗ್ ಮೋಡ್‌ನ ವೈರು ಎಳೆದಿದ್ದಾರೆ. ರಾತ್ರಿ ಅಂಗಳದಲ್ಲಿ ದನ ಹಾದರೂ ರೆಕಾರ್ಡು. ಮೇ ತಿಂಗಳಿಗೆ ಹಗಲಿನ ಲೆಕ್ಕವೇ ಮುನ್ನೂರು ಸಲದ ಆಸುಪಾಸಿಗೆ ಬಂದಿತ್ತು. ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿಯ ಒಂದೊಂದು ಕೋಶಕ್ಕೂ ಇಷ್ಟೇ ಸಲ ಅಳಿಸಿ ಬರೆಯಬಹುದೆಂಬ ಮಿತಿಯಿದೆ. ಒಂದೇ ಕೋಶದಲ್ಲಿ ನಾಲ್ಕು ಬಿಟ್ ಒತ್ತುವ ಅಗ್ಗದ ಕ್ಯೂಎಲ್‌ಸಿ ಎಂಬ ಬಗೆಯಲ್ಲಿ ಆ ಮಿತಿ ತೀರಾ ಕಡಿಮೆ. ಮೊಬೈಲಿನಲ್ಲಿ ಫೋಟೊ ಇಡುವವನಿಗೆ ಅದು ಹತ್ತು ವರ್ಷವೂ ಬಂದೀತು. ಡ್ಯಾಶ್‌ಕ್ಯಾಮು ಫೋಟೊ ಆಲ್ಬಮ್ ಅಲ್ಲ. ದಿನವಿಡೀ ಒರೆಸಿ ಒರೆಸಿ ಬರೆಯುವ ಪಾಟಿ. ಅದಕ್ಕೆಂದೇ ಎಂಡ್ಯೂರೆನ್ಸ್ ಕಾರ್ಡುಗಳಿವೆ, ಎಷ್ಟು ಸಾವಿರ ತಾಸು ರೆಕಾರ್ಡಿಂಗ್ ತಡೆಯುತ್ತದೆ ಎಂದು ತಯಾರಕರು ಬರೆದುಕೊಡುತ್ತಾರೆ. ಒಂದೇ ತಳಿಯಲ್ಲಿ 64ರ ಬದಲು 128 ಜಿಬಿ ಹಾಕಿದರೆ ಸವೆತ ಅರ್ಧಕ್ಕಿಳಿಯುತ್ತದೆ. ಇದನ್ನೆಲ್ಲ ನಿಮಗೆ ನಾನು ಹೇಳಬೇಕಾಗಿ ಬಂದದ್ದೇ ಈ ಪತ್ರದ ತಮಾಷೆ.

ಘಟ್ಟದ ಗುಂಡಿಗಳದ್ದು ಬೇರೆ ಕತೆ. ಪ್ರತಿ ಗುಂಡಿಗೂ ನಿಮ್ಮ ಕ್ಯಾಮೆರಾ ಅಪಘಾತವಾಯಿತೆಂದು ತಿಳಿದು ಆ ತುಂಡಿಗೆ ಬೀಗ ಹಾಕುತ್ತದೆ. ಬೀಗ ಬಿದ್ದದ್ದು ಅಳಿಯುವುದಿಲ್ಲ, ಬರೆಯಲು ಉಳಿಯುವ ಜಾಗ ಇನ್ನೂ ಕಡಿಮೆ. ನಿಜವಾದ ಅಪಘಾತಕ್ಕೆ ಮಾತ್ರ ಬೀಗವೂ ಇಲ್ಲ, ಬಾಗಿಲೂ ಇಲ್ಲ.

ತಾಳ್ಮೆ ಕೆಟ್ಟದ್ದು ಇದ್ಯಾವುದಕ್ಕೂ ಅಲ್ಲ. ಹೊರಡುವಾಗ ಹುಡುಗ ಕಪಾಟಿನಿಂದ ಹೊಸ ಕಾರ್ಡು ತೆಗೆದು ಮುಂದಿಟ್ಟ: ‘ಬೇಕಿದ್ರ ಇದನ್ನ ಒಯ್ರಿ, 1,150. ವಿ30, ಎ2. ಭಾಳ ಸ್ಪೀಡ್ ಐತಿ.’ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿದೆ. ಎಂಡ್ಯೂರೆನ್ಸ್ ಎಂಬ ಪದ ಎಲ್ಲೂ ಇರಲಿಲ್ಲ. ವಿ30 ಎಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ವೇಗ. ನಿಮ್ಮ ಕ್ಯಾಮೆರಾಕ್ಕೆ ಬೇಕಾದದ್ದು ಮೂರು ಚಿಲ್ಲರೆ. ಎ2 ಇರುವುದು ಮೊಬೈಲ್ ಆ್ಯಪುಗಳಿಗಾಗಿ. ವೇಗ ಬೇರೆ, ಬಾಳಿಕೆ ಬೇರೆ. ಎಂಡ್ಯೂರೆನ್ಸ್ ಹಾಕಿಲ್ಲವೆಂದು ಹತ್ತು ನಿಮಿಷ ನನಗೆ ಪಾಠ ಮಾಡಿದವನೇ, ಎಂಡ್ಯೂರೆನ್ಸ್ ಅಲ್ಲದ ಇನ್ನೊಂದನ್ನು ನನಗೆ ಮಾರಲು ನೋಡಿದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಕಪಾಟಿಗೆ ಮಾಲು ಕಳಿಸಿದವರು ನೀವು.

ನನಗೆ ಬೇಕಾದದ್ದು: ತಯಾರಕರ ವಾರಂಟಿ ಸಮೇತ 128 ಜಿಬಿಯ ಒಂದು ಎಂಡ್ಯೂರೆನ್ಸ್ ಕಾರ್ಡು. ಕಾರ್ಡು ಸತ್ತರೆ ಬಾಯಿಬಿಟ್ಟು ಹೇಳುವಂತೆ ಕ್ಯಾಮೆರಾದ ತಂತ್ರಾಂಶ ಸರಿಪಡಿಸುವುದು. ಬಾನೆಟ್ಟು, ರೇಡಿಯೇಟರು, ಒಂದು ಹೆಡ್‌ಲೈಟಿಗೆ ನಾನು ಕೈಯಿಂದ ಕೊಟ್ಟ 38,600 ರೂಪಾಯಿಯಲ್ಲಿ ನಿಮ್ಮ ಪಾಲು ಎಷ್ಟೆಂದು ನೀವೇ ಹೇಳಿ. ನಿಮ್ಮ ಆತ್ಮಸಾಕ್ಷಿಯಾದರೂ ರೆಕಾರ್ಡು ಮಾಡುತ್ತದೆಯೋ ನೋಡೋಣ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ, ಅದರ ಮೇಲೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ. ಬಾಡಿಗೆ ಗಾಡಿ ಎಂದರೆ ವ್ಯಾಪಾರ, ಇವನು ಗ್ರಾಹಕನೇ ಅಲ್ಲ ಎಂದು ನಿಮ್ಮ ವಕೀಲರು ಹೇಳಹೊರಟರೆ, ಹೊಟ್ಟೆಪಾಡಿಗೆ ಸ್ವಂತ ದುಡಿಯುವವನನ್ನು ಕಾಯ್ದೆ ಹೊರಗಿಟ್ಟಿಲ್ಲ ಎಂದು ಅವರಿಗೆ ಮೊದಲೇ ತಿಳಿಸಿ. ನನಗೆ ಕಾರವಾರಕ್ಕೆ ಬಾಡಿಗೆ ಹೇಗೂ ಸಿಗುತ್ತದೆ. ನಿಮ್ಮವರು ಪ್ರತಿ ತಾರೀಖಿಗೂ ಘಟ್ಟ ಇಳಿಯಬೇಕು, ಮಳೆಗಾಲ ಇನ್ನೂ ಮುಗಿದಿಲ್ಲ.

ನಿಮ್ಮ ಕ್ಯಾಮೆರಾವನ್ನು ಗಾಜಿನಿಂದ ತೆಗೆದಿಲ್ಲ. ಅದರ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ: ‘ದೀಪ ಮಾತ್ರ ಉರಿಯುತ್ತದೆ.’ ಬೆಂಗಳೂರಿನ ಪ್ರವಾಸಿಗರು ಕೇಳುತ್ತಾರೆ, ಘಟ್ಟ ಇಳಿಯುವಷ್ಟೂ ಹೊತ್ತು ಹೇಳುತ್ತೇನೆ. ಕಂಪನಿಯ ಹೆಸರನ್ನೂ ಹೇಳುತ್ತೇನೆ. ನಮ್ಮ ಸ್ಟ್ಯಾಂಡಿನಲ್ಲಿ ಇನ್ನೂ ಹನ್ನೊಂದು ಗಾಡಿಗಳಿವೆ, ಚೀಟಿಯ ಪ್ರತಿ ತೆಗೆದಿಟ್ಟಿದ್ದೇನೆ.

ಇತಿ,
ಟೋಕನ್ ಸಂಖ್ಯೆ 17