ಇಷ್ಟು ದೊಡ್ಡ ಸಂಖ್ಯೆಯನ್ನು ಯಾರು ಕೂತು ಭಾಗಿಸಿದರು?

ಮಗಳೇ,

2147483647 ಅವಿಭಾಜ್ಯ ಸಂಖ್ಯೆ ಅಂದಾಗ ನೀನು ಕೇಳಿದೆಯಲ್ಲ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದನ್ನು ಯಾರು ಕೂತು ಭಾಗಿಸಿ ನೋಡಿದರು ಅಂತ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೋಡಿದವರು ಗಣಿತಜ್ಞ ಆಯ್ಲರ್, 1772ರಲ್ಲಿ. ಆ ಹೊತ್ತಿಗೆ ಅವರ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ವರ್ಗಮೂಲದವರೆಗೆ ಭಾಗಿಸಿ ನೋಡಿದರೆ ಸಾಕು ಅನ್ನೋದು ನಿನಗೆ ಗೊತ್ತೇ ಇದೆ. ಇಲ್ಲಿ ಅದು 46,340 ಚಿಲ್ಲರೆ. ಅಷ್ಟರೊಳಗೆ 4,792 ಅವಿಭಾಜ್ಯ ಸಂಖ್ಯೆಗಳಿವೆ. ಅಷ್ಟೂ ಭಾಗಾಕಾರ ಮಾಡೋದು ಯಾರಿಗೆ ಬೇಕು? ಆಯ್ಲರ್ ಕೂಡ ಮಾಡಲಿಲ್ಲ.

ಈ ಸಂಖ್ಯೆ 2ರ 31ನೇ ಘಾತಕ್ಕಿಂತ ಒಂದು ಕಡಿಮೆ. ಇಂಥವಕ್ಕೆ ಮರ್ಸೆನ್ ಸಂಖ್ಯೆ ಅಂತಾರೆ. ಘಾತ ಬೆಸ ಅವಿಭಾಜ್ಯವಾಗಿದ್ದರೆ ಇವನ್ನು ಯಾವ ಅವಿಭಾಜ್ಯ ಬೇಕಾದರೂ ಭಾಗಿಸಲಾರದು. ಭಾಗಿಸುವಂಥದ್ದು ಘಾತದ ಎರಡರಷ್ಟರ ಗುಣಕಕ್ಕಿಂತ ಒಂದು ಜಾಸ್ತಿ ಇರಬೇಕು. ಜೊತೆಗೆ ಅದನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು.

ಚಿಕ್ಕದರಲ್ಲಿ ಮಾಡಿ ನೋಡೋಣ. 2ರ 13ನೇ ಘಾತದಲ್ಲಿ ಒಂದು ಕಳೆದರೆ 8191. ಅದರ ವರ್ಗಮೂಲ 90ರ ಹತ್ತಿರ. 26ರ ಗುಣಕಕ್ಕೆ ಒಂದು ಕೂಡಿಸುತ್ತಾ ಹೋದರೆ ಅಷ್ಟರೊಳಗೆ ಸಿಗುವುದು 27, 53, 79. ಮೊದಲೆರಡರಲ್ಲಿ 8ಕ್ಕೆ 3 ಮತ್ತು 5 ಉಳಿಯುತ್ತವೆ, ಹಾಗಾಗಿ ಅವು ಹೊರಗೆ. ಇನ್ನು 79 ಒಂದೇ. 8191ನ್ನು 79ರಿಂದ ಭಾಗಿಸಿದರೆ 54 ಉಳಿಯುತ್ತದೆ. ಮುಗಿಯಿತು, 8191 ಅವಿಭಾಜ್ಯ! 24 ಭಾಗಾಕಾರ ಆಗಬೇಕಿದ್ದ ಕಡೆ ಒಂದೇ ಒಂದು. ನನಗಂತೂ ಆ ಹತ್ತಂಕಿಯ ಗಾತ್ರಕ್ಕಿಂತ ಇದೇ ದೊಡ್ಡದು ಅನಿಸುತ್ತದೆ.

31ಕ್ಕೆ ಹೀಗೆ ಸೋಸಿದರೆ ಉಳಿಯುವುದು 370 ಚಿಲ್ಲರೆ ಸಂಖ್ಯೆ. ಅವುಗಳಲ್ಲೂ ಅವಿಭಾಜ್ಯವಲ್ಲದವನ್ನು ಬಿಟ್ಟುಬಿಡಬಹುದು.

ಘಾತ ಅವಿಭಾಜ್ಯ ಆದ ಮಾತ್ರಕ್ಕೆ ಗೆದ್ದೆವು ಅಂದ್ಕೋಬೇಡ. 11ನೇ ಘಾತದಲ್ಲಿ ಸಿಗುವ 2047 ಅಂದರೆ 23 × 89.

1811ರಲ್ಲಿ ಪೀಟರ್ ಬಾರ್ಲೋ ಎಂಬ ಗಣಿತಜ್ಞರು 2147483647ರಿಂದ ಸಿಗುವ ಪರಿಪೂರ್ಣ ಸಂಖ್ಯೆಗಿಂತ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ) ದೊಡ್ಡದನ್ನು ಯಾರೂ ಹುಡುಕಲು ಹೋಗಲಿಕ್ಕಿಲ್ಲ, ಸುಮ್ನೆ ಕುತೂಹಲವೇ ಹೊರತು ಉಪಯೋಗವಿಲ್ಲ ಎಂದು ಬರೆದರು. 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲ್ಯೂಕಾಸ್ 39 ಅಂಕಿಯ ಮರ್ಸೆನ್ ಸಂಖ್ಯೆಯೊಂದು ಅವಿಭಾಜ್ಯ ಎಂದು ಸಾಧಿಸಿ ತೋರಿಸಿದರು; ಅದರಿಂದ ಇನ್ನೂ ದೊಡ್ಡ ಪರಿಪೂರ್ಣ ಸಂಖ್ಯೆ ಸಿಕ್ಕಿತು. ಉಪಯೋಗದ ಮಾತೂ ನಿಲ್ಲಲಿಲ್ಲ. 2147483647ಕ್ಕಿಂತ ಚಿಕ್ಕ ಒಂದು ಸಂಖ್ಯೆ ತಗೋ (ಸೊನ್ನೆ ಬೇಡ), 16807ರಿಂದ ಗುಣಿಸು, 2147483647ರಿಂದ ಭಾಗಿಸು, ಉಳಿದದ್ದನ್ನು ಮತ್ತೆ ಗುಣಿಸು. 1ರಿಂದ 2147483646ರವರೆಗಿನ ಪ್ರತಿ ಸಂಖ್ಯೆಯೂ ಅಡ್ಡಾದಿಡ್ಡಿಯಾಗಿ ಒಂದೊಂದು ಸಲ ಬಂದ ಮೇಲೇ ಸುತ್ತು ಮತ್ತೆ ಶುರುವಾಗುತ್ತದೆ. ಕಂಪ್ಯೂಟರಿನಲ್ಲಿ ಯಾದೃಚ್ಛಿಕ (ರ್ಯಾಂಡಮ್) ಸಂಖ್ಯೆ ಹುಟ್ಟಿಸಲು ಇದನ್ನು ಬಹಳ ಕಾಲ ಬಳಸಿದ್ದಾರೆ. ಭಾಜಕ ಅವಿಭಾಜ್ಯ ಆಗಿರದಿದ್ದರೆ ಇಷ್ಟು ಉದ್ದದ ಸುತ್ತು ಸಿಗುತ್ತಲೇ ಇರಲಿಲ್ಲ.

ಈಗ ನಿನ್ನ ಸರದಿ. 2ರ 17ನೇ ಘಾತದಲ್ಲಿ ಒಂದು ಕಳೆದರೆ 1,31,071. ಮೂರು ಭಾಗಾಕಾರ ಸಾಕು. ಯಾವ ಮೂರು ಅಂತ ನಾನು ಹೇಳೋದಿಲ್ಲ. ಕಂಡುಹಿಡಿದು ಬರೆ.

ನಿನ್ನ ಅಪ್ಪ