ಶಿಬಿರದ ಮೊದಲಿನ ಬದುಕನ್ನೂ ಆಮೇಲಿನ ಬದುಕನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜನವರಿ 27, ಅಂದರೆ 1945ರಲ್ಲಿ ಆಷ್ವಿಟ್ಜ್ ಶಿಬಿರ ಬಿಡುಗಡೆಯಾದ ದಿನ ಬಂದರೆ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿ ಕೊಂದ ಆ ಶಿಬಿರದ ಗೇಟಿನ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಪಕ್ಕದಲ್ಲಿ ಸತ್ತವರ ಲೆಕ್ಕ. ಅದು ಬೇಕೇ ಬೇಕು. ಆದರೆ ಅಲ್ಲಿಂದ ಬದುಕಿ ಬಂದವರಿಗೆ ಆ ಗೇಟಿಗೆ ಮೊದಲೂ ಒಂದು ಬದುಕಿತ್ತು, ಆಮೇಲೂ ಇತ್ತು ಅಲ್ವಾ? ಅದರ ಬಗ್ಗೆ ಓದಲು ಸಿಗುವುದು ಕಡಿಮೆ. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ನನಗೆ ಇಲ್ಲಿ ನೆನಪಾಗುವವರು ಇಟಲಿಯ ಪ್ರಿಮೊ ಲೆವಿ. ಲೇಖಕರೆಂದು ಹೆಸರಾದರೂ ಅವರ ಕಸುಬು ಕೆಮಿಸ್ಟ್ರಿ.

ಲೆವಿ 1919ರಲ್ಲಿ ಟುರಿನ್ ನಗರದ ಯಹೂದಿ ಮನೆಯಲ್ಲಿ ಹುಟ್ಟಿದರು. 1938ರಲ್ಲಿ ಮುಸೊಲಿನಿ ಸರ್ಕಾರ ಯಹೂದಿ ವಿದ್ಯಾರ್ಥಿಗಳನ್ನು ಹೊಸದಾಗಿ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಆಗಲೇ ಸೇರಿದ್ದರಿಂದ ಇವರು ಓದು ಮುಗಿಸಿದರು. 1941ರಲ್ಲಿ ಅತ್ಯುತ್ತಮ ದರ್ಜೆಯಲ್ಲಿ ಪಾಸಾದಾಗ ಕೊಟ್ಟ ಪದವಿ ಪತ್ರದ ಮೇಲೆ 'ಯಹೂದಿ ಜನಾಂಗ' ಎಂದೂ ಬರೆದಿದ್ದರು. ಎಷ್ಟೋ ಅಂಕಪಟ್ಟಿಗಳಿಗೆ ಸಹಿ ಹಾಕಿದ ಕೈ ನನ್ನದು. ಅದನ್ನು ಓದಿದ ದಿನ ಹೊಟ್ಟೆ ಕಿವುಚಿದಂತಾಯಿತು.

1943ರ ಡಿಸೆಂಬರಿನಲ್ಲಿ ಅವರು ಮುಸೊಲಿನಿಯ ಪಡೆಯ ಕೈಗೆ ಸಿಕ್ಕಿಬಿದ್ದರು. ಮರುವರ್ಷ ಫೆಬ್ರುವರಿಯಲ್ಲಿ 650 ಜನರ ಜೊತೆ ರೈಲಿನಲ್ಲಿ ಆಷ್ವಿಟ್ಜ್‌ಗೆ ಸಾಗಿಸಿದರು. ಅಷ್ಟು ಜನರಲ್ಲಿ ಊರಿಗೆ ಮರಳಿದವರು ಇಪ್ಪತ್ತು ಚಿಲ್ಲರೆ ಮಂದಿ. ಲೆವಿಯವರ ತೋಳಿನ ಮೇಲೆ 174517 ಎಂದು ಹಚ್ಚೆ ಹಾಕಿ, ಆ ಶಿಬಿರದ ಭಾಗವಾದ ಮೊನೊವಿಟ್ಜ್‌ನಲ್ಲಿ ಕಟ್ಟುತ್ತಿದ್ದ ಕೃತಕ ರಬ್ಬರ್ ಕಾರ್ಖಾನೆಯ ಕೆಲಸಕ್ಕೆ ಹಚ್ಚಿದರು. ಚಳಿಗಾಲದಲ್ಲಿ ಅಲ್ಲಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ, ಉಜ್ಜಿದರೆ ಕಿಡಿ ಹಾರುವ ಸೀರಿಯಂ ಲೋಹದ ಪುಟ್ಟ ಕಡ್ಡಿಗಳನ್ನು ಕದ್ದು ತಂದರು. ರಾತ್ರಿ ಕಂಬಳಿಯೊಳಗೆ ಕೂತು ಅವರೂ ಗೆಳೆಯ ಆಲ್ಬರ್ಟೊ ಕೂಡ ಅವನ್ನು ಹೆರೆದು ಲೈಟರ್ ಕಲ್ಲು ಮಾಡಿದರು. ಒಂದು ಕಲ್ಲಿಗೆ ಒಂದು ದಿನದ ಬ್ರೆಡ್ಡು. 120 ಕಲ್ಲು ಅಂದರೆ ಇಬ್ಬರಿಗೂ ಎರಡೆರಡು ತಿಂಗಳ ಉಸಿರು. ಆಲ್ಬರ್ಟೊ ಮಾತ್ರ ಮನೆಗೆ ಮರಳಲಿಲ್ಲ.

ಅಲ್ಲೇ ಕೂಲಿಗೆ ಬಂದಿದ್ದ ಲೊರೆಂಜೊ ಪೆರೊನೆ ಎಂಬ ಇಟಲಿಯ ಗಾರೆ ಕೆಲಸದವರು ಆರು ತಿಂಗಳು ತಮ್ಮ ಪಾಲಿನ ಊಟದಲ್ಲಿ ಉಳಿಸಿ ಲೆವಿಗೆ ಕೊಟ್ಟರು. ತೇಪೆ ಹಾಕಿದ ತಮ್ಮ ಬನಿಯನ್ನನ್ನೂ ಕೊಟ್ಟರು. ಬದಲಿಗೆ ಏನೂ ಕೇಳಲಿಲ್ಲ. ಸಿಕ್ಕಿದ್ದರೆ ಅವರಿಗೂ ಶಿಕ್ಷೆಯಾಗುತ್ತಿತ್ತು. ಅವರ ನೆನಪಿಗೆ ಲೆವಿ ಮುಂದೆ ಮಗಳಿಗೆ ಲೀಸಾ ಲೊರೆಂಜಾ, ಮಗನಿಗೆ ರೆಂಜೊ ಎಂದು ಹೆಸರಿಟ್ಟರು.

1945ರ ಅಕ್ಟೋಬರಿನಲ್ಲಿ ಲೆವಿ ಹುಟ್ಟಿದ ಮನೆಗೇ ಮರಳಿದರು. ತಾಯಿ, ತಂಗಿ ಬದುಕಿದ್ದರು. ಮದುವೆಯಾದರು. ಬಣ್ಣದ ಕಾರ್ಖಾನೆ ಸೇರಿ, ಮುಂದೆ ಅಂಥದ್ದೇ ಇನ್ನೊಂದಕ್ಕೆ ಮ್ಯಾನೇಜರ್ ಆದರು. ಹಗಲು ಬಣ್ಣ, ಸಂಜೆ ಬರವಣಿಗೆ. ಅವರ ಮೊದಲ ಪುಸ್ತಕವನ್ನು ದೊಡ್ಡ ಪ್ರಕಾಶಕರು ಬೇಡವೆಂದಾಗ 1947ರಲ್ಲಿ ಸಣ್ಣ ಪ್ರಕಾಶಕರೊಬ್ಬರು 2,500 ಪ್ರತಿ ಮಾಡಿದರು. ಶಾಲೆ ಶಾಲೆಗೆ ಹೋಗಿ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಿದರು. 'ಯಾಕೆ ತಪ್ಪಿಸಿಕೊಳ್ಳಲಿಲ್ಲ?' ಎಂದು ಕೇಳಿದವರಿಗೂ ಬೇಸರಿಸದೆ ಬಿಡಿಸಿ ಹೇಳಿದರು. 1987ರಲ್ಲಿ ತೀರಿಕೊಂಡರು. ಸಮಾಧಿಯ ಮೇಲೆ ಹೆಸರಿನ ಜೊತೆ 174517 ಎಂದಿದೆ.

ಮುಂದಿನ ಜನವರಿಯಲ್ಲಿ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಥ ಒಬ್ಬರ ಪೂರ್ತಿ ಬದುಕಿಗೆ ಅರ್ಧ ಪುಟವಾದರೂ ಕೊಡಿ. ಲೆವಿಯವರದೇ ಆದರೆ ಲೈಟರ್ ಕಲ್ಲಿನ ವಿಷಯ ಬಿಡಬೇಡಿ. ನಮ್ಮ ಪಿಯುಸಿ ಮಕ್ಕಳು ಸೀರಿಯಂ ಅಂದರೆ ಪರಮಾಣು ಸಂಖ್ಯೆ 58 ಎಂದು ಬಾಯಿಪಾಠ ಹೇಳಿ ಮುಂದಕ್ಕೆ ಹೋಗುತ್ತಾರೆ.

– ನಿವೃತ್ತ ಕೆಮಿಸ್ಟ್ರಿ ಉಪನ್ಯಾಸಕ, ಶಿವಮೊಗ್ಗ