ಅಮ್ಮನ ಎದೆಯ ಮಾತ್ರೆ ಬದಲಾಯಿಸಿಕೊಟ್ಟವರಿಗೆ

ಅಮ್ಮನ ಹೃದಯದ ಮಾತ್ರೆಗಳನ್ನು ಬದಲಾಯಿಸುವ ಕೆಲಸ ಮುಗಿದಿದೆ. ಇವೇ ಮುಂದುವರಿಯಲಿ, ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಡಾಕ್ಟರು ಹೇಳಿದ್ದಾರೆ. ನೆರವಾದವರಿಗೆಲ್ಲ ಎದುರಿಗೇ ಧನ್ಯವಾದ ಹೇಳಿದ್ದೇವೆ. ಆದರೂ ಅವರು ಮಾಡಿದ್ದು ಏನು, ಅದು ಏಕೆ ದೊಡ್ಡದು ಎಂಬುದನ್ನು ಹತ್ತು ಜನಕ್ಕೆ ತಿಳಿಯುವ ಹಾಗೆ ಬರೆಯದೆ ಈ ಋಣ ತೀರುವುದಿಲ್ಲ. ಎದೆ ಹಿಡಿತ, ಅಂದರೆ ಆಂಜೈನಾ, ಇರುವವರ ಮನೆಯಲ್ಲೆಲ್ಲ ‘ಇಷ್ಟು ವರ್ಷ ನುಂಗಿದ ಮಾತ್ರೆ ಬಿಟ್ಟರೆ ಏನಾಗುತ್ತದೋ’ ಎಂಬ ಭಯ ಇದ್ದೇ ಇರುತ್ತದೆ.

ಮೊದಲ ನಮಸ್ಕಾರ ಹೃದಯದ ಡಾಕ್ಟರಿಗೆ. ಹೊಸ ಮಾತ್ರೆಯ ಹೆಸರು ಬರೆಯುವ ಮುಂಚೆ ಅವರು ಹಳೆಯದರ ಹೆಸರು ಬರೆದು, ಅದರ ಮುಂದೆ ನಿಲ್ಲಿಸುವ ತಾರೀಖು ಹಾಕಿದರು. ಚೀಟಿಯಲ್ಲಿ ಶುರುಮಾಡುವುದನ್ನು ಬರೆಯುವವರು ಬಹಳ ಜನ. ನಿಲ್ಲಿಸುವುದನ್ನು ಬರೆಯದೇ ಹೋದರೆ ಮನೆಯಲ್ಲಿ ಹಳೆಯದೂ ಹೊಸದೂ ಎರಡೂ ನಡೆಯುತ್ತವೆ, ಇಲ್ಲವೇ ಹೆದರಿಕೊಂಡು ಎರಡನ್ನೂ ಬಿಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮಾತ್ರೆ ಬದಲಾವಣೆಯ ಅರ್ಧ ಅಪಾಯ ಇರುವುದು ಆ ಒಂದು ಸಾಲು ಇಲ್ಲದಿರುವಲ್ಲಿ.

ಬದಲಾಯಿಸಿದ್ದು ಏಕೆಂದರೆ, ಹಳೆಯ ಮಾತ್ರೆ ಅಟೆನೊಲಾಲ್, ನಾಡಿ ತಗ್ಗಿಸಿ ಹೃದಯದ ಕೆಲಸ ಹಗುರ ಮಾಡುವಂಥದ್ದು. ಅದು ದೇಹದಿಂದ ಹೊರಹೋಗುವುದು ಹೆಚ್ಚಾಗಿ ಮೂತ್ರಪಿಂಡದ ಮೂಲಕ. ವಯಸ್ಸಾದಂತೆ, ಶುಗರ್ ಇದ್ದರಂತೂ, ಮೂತ್ರಪಿಂಡದ ಕೆಲಸ ತಗ್ಗುತ್ತದೆ; ಅದನ್ನು ತೋರಿಸುವ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಅಂಕಿ ಏರಬಹುದು. ಆಗ ಅದೇ 50 ಮಿಲಿಗ್ರಾಂ ಮಾತ್ರೆ ಒಳಗೆ ಹೆಚ್ಚು ಹೊತ್ತು ಉಳಿದು ನಾಡಿ ತೀರಾ ನಿಧಾನವಾಗುತ್ತದೆ, ತಲೆ ಸುತ್ತುತ್ತದೆ, ಸುಸ್ತಾಗುತ್ತದೆ. ಅದೇ ಗುಂಪಿನ ಮೆಟೊಪ್ರೊಲಾಲ್ ಅನ್ನು ಅರಗಿಸುವುದು ಯಕೃತ್ತು. ಹಾಗಾಗಿ ಅದಕ್ಕೆ ಬದಲಾಯಿಸಿ, ನಾಡಿ ನೋಡಿಕೊಂಡು ಏರಿಸೋಣ ಎಂದು 25 ಮಿಲಿಗ್ರಾಂನಿಂದ ಶುರು ಮಾಡಿಸಿದರು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 55ರಿಂದ 60ರ ಆಸುಪಾಸು ಇರಲಿ ಎಂಬುದು ಆಂಜೈನಾದಲ್ಲಿ ಸಾಮಾನ್ಯ ಗುರಿ. ಅಮ್ಮನಿಗೂ ಅದನ್ನೇ ಇಟ್ಟರು.

ಈ ಗುಂಪಿನ ಮಾತ್ರೆಗಳನ್ನು, ಅಂದರೆ ಬೀಟಾ ಬ್ಲಾಕರ್‌ಗಳನ್ನು, ಎಂದೂ ದಿಢೀರನೆ ನಿಲ್ಲಿಸಬಾರದು. ಇದರ ಕಾರಣವನ್ನು ಅವರು ಬಿಡಿಸಿ ಹೇಳಿದ್ದಕ್ಕೆ ವಿಶೇಷ ಕೃತಜ್ಞತೆ. ಹೃದಯವನ್ನು ಓಡಿಸುವ ಹಾರ್ಮೋನು ಅಡ್ರಿನಲಿನ್ ಬಂದು ಕೂರುವ ಜಾಗಗಳನ್ನು ಮಾತ್ರೆ ಮುಚ್ಚಿಟ್ಟಿರುತ್ತದೆ. ತಿಂಗಳುಗಟ್ಟಲೆ ಹಾಗಿದ್ದಾಗ ಹೃದಯ ಅಂಥ ಜಾಗಗಳನ್ನು ಇನ್ನಷ್ಟು ಹುಟ್ಟಿಸಿಕೊಳ್ಳುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ಅವೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ನಾಡಿ ಓಡುತ್ತದೆ, ಬಿಪಿ ಏರುತ್ತದೆ, ಎದೆ ಹಿಡಿತ ಮೊದಲಿಗಿಂತ ಜೋರಾಗಿ ಮರಳುತ್ತದೆ, ಹೃದಯಾಘಾತವೂ ಆಗಬಹುದು. ಪೂರ್ತಿ ಬಿಡಿಸಬೇಕಾದರೆ ಒಂದೆರಡು ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ನಮ್ಮದು ಒಂದು ಬೀಟಾ ಬ್ಲಾಕರಿನಿಂದ ಇನ್ನೊಂದಕ್ಕೆ ಹೋಗುವ ಬದಲಾವಣೆಯಾದ್ದರಿಂದ ಮಧ್ಯೆ ಒಂದು ದಿನವೂ ಖಾಲಿ ಇರಲಿಲ್ಲ: ಇವತ್ತು ಬೆಳಿಗ್ಗೆ ಹಳೆಯದು, ನಾಳೆ ಬೆಳಿಗ್ಗೆ ಹೊಸದು. ಬೀಟಾ ಬ್ಲಾಕರಿನಿಂದ ಡಿಲ್ಟಿಯಾಜೆಮ್ ಅಥವಾ ವೆರಪಮಿಲ್ ಎಂಬ ಬೇರೆ ಗುಂಪಿನ ಮಾತ್ರೆಗಳಿಗೆ ಹೋಗುವವರ ಲೆಕ್ಕ ಪೂರಾ ಬೇರೆ. ಅವೂ ನಾಡಿ ತಗ್ಗಿಸುತ್ತವೆ. ಎರಡೂ ಒಟ್ಟಾದರೆ ಹೃದಯದ ಬಡಿತಕ್ಕೇ ತಡೆಯಾಗಬಹುದು. ಒಬ್ಬರಿಗೆ ಬರೆದುಕೊಟ್ಟ ಕ್ರಮವನ್ನು ಇನ್ನೊಬ್ಬರು ಅನುಸರಿಸಬಾರದು ಎಂಬುದು ಅದಕ್ಕೇ. ಅಸ್ತಮಾ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಾಯಿಬಿಟ್ಟು ಹೇಳಬೇಕು. ಶುಗರ್ ಇಳಿದಾಗ ಎಚ್ಚರಿಸುವ ಎದೆಬಡಿತವನ್ನು ಈ ಮಾತ್ರೆ ಮರೆಮಾಡುತ್ತದೆ. ಆಗ ಮರೆಯಾಗದೆ ಕಾಣುವ ಮುಖ್ಯ ಗುರುತು ಬೆವರು.

ಔಷಧಿ ಅಂಗಡಿಯ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆ. ಅಮ್ಮ ನುಂಗುತ್ತಿದ್ದದ್ದು ಬರೀ ಅಟೆನೊಲಾಲ್ ಅಲ್ಲ, ಅದರೊಳಗೆ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುವ ಅಮ್ಲೊಡಿಪಿನ್ 5 ಮಿಲಿಗ್ರಾಂ ಸೇರಿಕೊಂಡಿತ್ತು. ನಮ್ಮಲ್ಲಿ ಈ ಜೋಡಿ ಮಾತ್ರೆ ಬಹಳ ಸಾಮಾನ್ಯ, ಹಲವು ಕಂಪನಿಗಳವು ಹೆಸರಿನ ಕೊನೆಗೆ ‘ಎಟಿ’ ಎಂದು ಹೊತ್ತಿರುತ್ತವೆ. ಅದನ್ನು ನಿಲ್ಲಿಸಿದರೆ ಎರಡೂ ನಿಂತಂತೆ. ಅವರು ಹಳೆಯ ಸ್ಟ್ರಿಪ್ ತರಿಸಿಕೊಂಡು, ಹಿಂಬದಿಯ ಸಣ್ಣ ಅಕ್ಷರ ಓದಿ, ಡಾಕ್ಟರಿಗೆ ಫೋನ್ ಮಾಡಿ, ಅಮ್ಲೊಡಿಪಿನ್ ಪ್ರತ್ಯೇಕವಾಗಿ ಬೇಕೆಂದು ಖಚಿತ ಮಾಡಿಕೊಂಡ ಮೇಲೆಯೇ ಬಿಲ್ ಹಾಕಿದರು. ಮೆಟೊಪ್ರೊಲಾಲ್‌ನಲ್ಲೂ ಎರಡು ಬಗೆ ಇವೆ ಎಂದು ತೋರಿಸಿಕೊಟ್ಟವರೂ ಅವರೇ. ಟಾರ್ಟ್ರೇಟ್ ಬೇಗ ಇಳಿದುಹೋಗುವುದರಿಂದ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುವುದರಿಂದ ದಿನಕ್ಕೆ ಒಂದು ಸಲ. ಹೆಸರು ಒಂದೇ, ಮಿಲಿಗ್ರಾಂ ಒಂದೇ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೊಡುವಂತಿಲ್ಲ. ಸಕ್ಸಿನೇಟ್ ಮಾತ್ರೆಯ ಮೇಲೆ ಗೆರೆಯಿದ್ದರೆ ಗೆರೆಗುಂಟ ಅರ್ಧ ಮಾಡಬಹುದು, ಆದರೆ ಅಗಿಯಬಾರದು, ಪುಡಿ ಮಾಡಬಾರದು. ಪುಡಿಯಾದರೆ ಇಡೀ ದಿನದ್ದು ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಹಳೆಯ ಸ್ಟ್ರಿಪ್‌ಗಳನ್ನು ‘ಇದನ್ನು ಡಬ್ಬಿಗೆ ಮತ್ತೆ ಸೇರಿಸಬೇಡಿ’ ಎಂದು ಅಂಗಡಿಯಲ್ಲೇ ಇಟ್ಟುಕೊಂಡರು. ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಕಣ್ಣು ಮಂಜಾದ ಹಿರಿಯರಿರುವ ಮನೆಗೆ ಅದು ಜೀವ ಉಳಿಸುವ ಕೆಲಸ.

ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುವ ಮಾತ್ರೆ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೂ ಅವರೇ ಉತ್ತರ ಕೊಟ್ಟರು; ತಮ್ಮ ವ್ಯಾಪಾರ ಹೋಗುತ್ತದೆಂದು ನೋಡಲಿಲ್ಲ. ತೆಗೆದುಕೊಳ್ಳಬಹುದು, ಔಷಧದ ಹೆಸರು, ಲವಣ (ಟಾರ್ಟ್ರೇಟೋ ಸಕ್ಸಿನೇಟೋ ಎಂಬುದು), ಮಿಲಿಗ್ರಾಂ, ನಿಧಾನ ಬಿಡುಗಡೆಯದೋ ಅಲ್ಲವೋ, ಈ ನಾಲ್ಕೂ ತಾಳೆಯಾಗಬೇಕು. ತಿಂಗಳಿಗೊಂದು ಕಂಪನಿಯದನ್ನು ಕೊಳ್ಳುತ್ತಿದ್ದರೆ ಬಣ್ಣ, ಆಕಾರ ಬದಲಾಗಿ ಒಂದೇ ಮಾತ್ರೆಯನ್ನು ಎರಡು ಸಲ ನುಂಗುವ ಗೊಂದಲ ಹುಟ್ಟುತ್ತದೆ. ಆದ್ದರಿಂದ ಒಂದನ್ನು ಆರಿಸಿಕೊಂಡು ಅದರಲ್ಲೇ ನಿಲ್ಲುವುದು ಒಳ್ಳೆಯದು.

ಡಾಕ್ಟರು ಬೆಳಿಗ್ಗೆಗೆ ಇನ್ನೊಂದು ಮಾತ್ರೆ ಸೇರಿಸಿದರು: ಐಸೊಸಾರ್ಬೈಡ್ ಮೊನೊನೈಟ್ರೇಟ್, ನಿಧಾನ ಬಿಡುಗಡೆಯ 30 ಮಿಲಿಗ್ರಾಂ. ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಗುಂಪಿನದು. ಇದರಲ್ಲಿ ಜನ ಎಡವುವುದು ಹೊತ್ತಿನ ವಿಷಯದಲ್ಲಿ. ನೈಟ್ರೇಟ್ 24 ಗಂಟೆಯೂ ರಕ್ತದಲ್ಲಿದ್ದರೆ ನಾಳಗಳು ಅದಕ್ಕೆ ಒಗ್ಗಿಹೋಗಿ ಹಿಗ್ಗುವುದನ್ನೇ ನಿಲ್ಲಿಸುತ್ತವೆ. ದಿನಕ್ಕೆ ಕೆಲವು ಗಂಟೆ, ಸಾಮಾನ್ಯವಾಗಿ ರಾತ್ರಿ, ಅದು ಇಲ್ಲದಿರುವ ಬಿಡುವು ಬೇಕು. ದಿನಕ್ಕೆರಡು ಸಲದ ಸಾದಾ ಮಾತ್ರೆ ಬರೆದಿದ್ದರೆ ಅದನ್ನು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 3ಕ್ಕೆ ಎಂಬಂತೆ ಸುಮಾರು 7 ಗಂಟೆ ಅಂತರದಲ್ಲಿ ಕೊಡುತ್ತಾರೆ. ನಾವೇ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಸಮನಾಗಿ ಹಂಚಿದರೆ ಕೆಲವೇ ದಿನಗಳಲ್ಲಿ ಮಾತ್ರೆಯ ಬಲ ಕುಂದುತ್ತದೆ. ಮೊದಲ ವಾರ ತಲೆನೋವು ಬರುತ್ತದೆ. ಅದು ತಲೆಯ ನಾಳಗಳೂ ಹಿಗ್ಗುವುದರಿಂದ. ಡಾಕ್ಟರು ಒಪ್ಪಿದರೆ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ: ಅವು ಹೃದಯಕ್ಕೂ ಮೂತ್ರಪಿಂಡಕ್ಕೂ ಭಾರ, ಐಬುಪ್ರೊಫೆನ್ ಅಂತೂ ಆಸ್ಪಿರಿನ್‌ನ ಕೆಲಸಕ್ಕೇ ಅಡ್ಡ ಬರುತ್ತದೆ. ಗಂಡಸರಿಗೆ ಇನ್ನೊಂದು ಎಚ್ಚರಿಕೆ, ಸಂಕೋಚಪಟ್ಟು ಮುಚ್ಚಿಡಬಾರದ್ದು: ದಿನವೂ ನೈಟ್ರೇಟ್ ನುಂಗುವವರು ಲೈಂಗಿಕ ದೌರ್ಬಲ್ಯಕ್ಕೆ ನುಂಗುವ ಸಿಲ್ಡೆನಾಫಿಲ್, ಟಡಲಾಫಿಲ್ ಗುಂಪಿನ ಮಾತ್ರೆಗಳನ್ನು ಮುಟ್ಟಲೇಬಾರದು. ಅವನ್ನು ತೆಗೆದುಕೊಂಡವರಿಗೆ ಎದೆನೋವು ಬಂದರೆ ಆಸ್ಪತ್ರೆಯಲ್ಲಿ ಮೊದಲು ಅದನ್ನೇ ಹೇಳಬೇಕು. ಸಿಲ್ಡೆನಾಫಿಲ್ ಆದ ಮೇಲೆ 24 ಗಂಟೆ, ಟಡಲಾಫಿಲ್ ಆದ ಮೇಲೆ 48 ಗಂಟೆ ನೈಟ್ರೇಟ್ ಕೊಡುವುದಿಲ್ಲ, ಕೊಟ್ಟರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.

ಆಸ್ಪತ್ರೆಯ ಸಿಸ್ಟರ್ ಒಬ್ಬರು ಊಟದ ವಿರಾಮ ಬಿಟ್ಟು ಕೂತು, ನಾಲಿಗೆ ಕೆಳಗೆ ಇಡುವ ಮಾತ್ರೆಯನ್ನು ಬಳಸುವುದು ಹೇಗೆಂದು ಮನೆಯ ಎಲ್ಲರಿಗೂ ಕಲಿಸಿದರು. ಎದೆ ಬಿಗಿಯಾದ ಕೂಡಲೇ ಮಾಡುತ್ತಿದ್ದ ಕೆಲಸ ಬಿಟ್ಟು ಕೂರಬೇಕು. ನಿಂತು ತೆಗೆದುಕೊಂಡರೆ ಬಿಪಿ ಇಳಿದು ಬೀಳುವ ಅಪಾಯ. ಪೂರ್ತಿ ಮಲಗುವುದೂ ಬೇಡ. ಬಾಯಿ ಒಣಗಿದ್ದರೆ ಒಂದು ಗುಟುಕು ನೀರು ಕುಡಿದು, ಸಾರ್ಬಿಟ್ರೇಟ್ (ಇದೂ ನೈಟ್ರೇಟ್ ಗುಂಪಿನದೇ) 5 ಮಿಲಿಗ್ರಾಂ ನಾಲಿಗೆಯ ಕೆಳಗೆ ಇಡಬೇಕು. ನುಂಗಿಬಿಟ್ಟರೆ ಯಕೃತ್ತು ಅದರ ಬಹುಭಾಗವನ್ನು ಮೊದಲೇ ಕರಗಿಸಿಬಿಡುತ್ತದೆ, ಪರಿಣಾಮ ತಡ. ಗಡಿಯಾರ ನೋಡಬೇಕು. 5 ನಿಮಿಷದಲ್ಲಿ ಇಳಿಯದಿದ್ದರೆ ಎರಡನೆಯದು. ಅದಾಗಿ 5 ನಿಮಿಷಕ್ಕೂ ಇಳಿಯದಿದ್ದರೆ 108. ಬೆವರು, ಉಸಿರಾಟದ ತೊಂದರೆ, ಕಣ್ಣು ಕತ್ತಲೆ ಜೊತೆಗಿದ್ದರೆ ಎರಡನೆಯದಕ್ಕೂ ಕಾಯದೆ 108. ‘ಗ್ಯಾಸ್ ಇರಬಹುದು’ ಎಂದು ಸೋಡಾ ಕುಡಿಸುತ್ತಾ ಕಳೆಯುವ ಅರ್ಧ ಗಂಟೆ ಮತ್ತೆ ಸಿಗುವುದಿಲ್ಲ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ, ಎದೆನೋವೇ ಇಲ್ಲದೆ ಏದುಸಿರು, ದವಡೆಯ ನೋವು, ಬೆನ್ನಿನ ಮಧ್ಯೆ ಹಿಡಿತ, ಇಷ್ಟೇ ಕಾಣಿಸಬಹುದು ಎಂದು ಅವರು ಒತ್ತಿ ಹೇಳಿದರು. ಮೆಟ್ಟಿಲು ಹತ್ತುವ ಮುಂಚೆ, ತಣ್ಣನೆ ಗಾಳಿಯಲ್ಲಿ ಹೊರಡುವ ಮುಂಚೆ, 10–15 ನಿಮಿಷ ಮೊದಲೇ ಒಂದು ಇಟ್ಟುಕೊಳ್ಳಲು ಕೆಲವರಿಗೆ ಡಾಕ್ಟರೇ ಹೇಳಿರುತ್ತಾರೆ. ಧನುರ್ಮಾಸದ ಮುಂಜಾವಿನಲ್ಲಿ ದೇವಸ್ಥಾನಕ್ಕೆ ಹೋಗುವವರು ಈ ಮಾತು ಕೇಳಿಟ್ಟುಕೊಳ್ಳಬೇಕು: ಚಳಿಗೆ ನಾಳಗಳು ಕುಗ್ಗುತ್ತವೆ.

ಬಿಪಿ ನೋಡುವುದನ್ನು ಕಲಿಸಿದ ಆಶಾ ಕಾರ್ಯಕರ್ತೆ ಅಕ್ಕನಿಗೂ ವಂದನೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇಟ್ಟು, ಪಾದ ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂರಬೇಕು. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಪಟ್ಟಿ ಬರಿದೋಳಿಗೆ, ಹೃದಯದ ಮಟ್ಟಕ್ಕೆ. ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆಯಬೇಕು. ಆಮೇಲೆ ಎದ್ದು ನಿಲ್ಲಿಸಿ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಬೇಕು; ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಡಾಕ್ಟರಿಗೆ ತಿಳಿಸಬೇಕು. ಹೊಸ ಮಾತ್ರೆ ಸೇರಿದ ದಿನಗಳಲ್ಲಿ ಬಚ್ಚಲಲ್ಲಿ ಬೀಳುವುದು ಹೀಗೆಯೇ. ನಾಡಿಯನ್ನು ಪೂರ್ತಿ 60 ಸೆಕೆಂಡ್ ಎಣಿಸಬೇಕು, ಬೆಳಗಿನ ಮಾತ್ರೆಗೆ ಮುಂಚೆ. 50ಕ್ಕಿಂತ ಕಡಿಮೆಯಿದ್ದರೆ ಮೊದಲು ಫೋನ್, ಆಮೇಲೆ ಮಾತ್ರೆ ಎಂದು ನಮಗೆ ಹೇಳಿದ್ದರು; ನಿಮ್ಮ ಅಂಕಿಯನ್ನು ನಿಮ್ಮ ಡಾಕ್ಟರ ಬಳಿ ಕೇಳಿ ಬರೆದುಕೊಳ್ಳಿ.

ಅಮ್ಲೊಡಿಪಿನ್ ಮಾತ್ರ ಬದಲಾಗಲಿಲ್ಲ. ಸಂಜೆ ಹೊತ್ತಿಗೆ ಕಣಕಾಲು ಊದುವುದು ಅದರ ಸ್ವಭಾವ. ಸಣ್ಣ ಅಪಧಮನಿಗಳು ಹಿಗ್ಗಿ ದ್ರವ ಹೊರಗೆ ಜಿನುಗುವುದರಿಂದ ಆಗುವಂಥದ್ದು, ಮೂತ್ರ ಹೋಗಿಸುವ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಇದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, 30ರಿಂದ 50 ಗಂಟೆ. ಪ್ರಮಾಣ ಬದಲಾಯಿಸಿದರೆ ಫಲ ನೆಲೆಗೊಳ್ಳಲು ಒಂದು ವಾರ ಬೇಕು. ಎರಡೇ ದಿನಕ್ಕೆ ‘ಕೆಲಸ ಮಾಡುತ್ತಿಲ್ಲ’ ಎಂದು ತೀರ್ಮಾನಿಸುವುದು ಅವಸರ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಡಾಕ್ಟರು ಪಟ್ಟು ಹಿಡಿದದ್ದೂ ಅದಕ್ಕೆ: ಮೆಟೊಪ್ರೊಲಾಲ್ ನೆಲೆಯಾದ ಮೇಲೆಯೇ ನೈಟ್ರೇಟ್. ಎರಡನ್ನೂ ಒಟ್ಟಿಗೆ ಶುರುಮಾಡಿದ್ದರೆ ತಲೆಸುತ್ತು ಯಾವುದರಿಂದ ಎಂದು ಯಾರೂ ಹೇಳಲಾಗುತ್ತಿರಲಿಲ್ಲ.

‘ಸ್ಟೆಂಟ್ ಹಾಕಿಸದೆ ಬರೀ ಮಾತ್ರೆಯೇ?’ ಎಂದು ಕಾಳಜಿಯಿಂದ ಕೇಳಿದ ನೆಂಟರಿಗೂ ಧನ್ಯವಾದ. ಅವರ ಪ್ರಶ್ನೆಯಿಂದ ನಾವು ಇನ್ನಷ್ಟು ಕೇಳಿ ತಿಳಿದೆವು. 37 ದೇಶಗಳ 5179 ಜನರ ಮೇಲೆ ನಡೆದ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸ್ಥಿರವಾದ ತೊಂದರೆಯಿದ್ದವರಲ್ಲಿ, ಎಡ ಮುಖ್ಯ ನಾಳದ ಅಡಚಣೆ ಇಲ್ಲದವರಲ್ಲಿ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದ್ದರಿಂದ ಒಟ್ಟಾರೆ ಸಾವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. ಪದೇಪದೇ ಎದೆ ಹಿಡಿಯುತ್ತಿದ್ದವರಿಗೆ ಮಾತ್ರ ನೋವಿನಿಂದ ಹೆಚ್ಚು ಬಿಡುಗಡೆ ಸಿಕ್ಕಿತು. ಅದರಲ್ಲಿ ಭಾರತದ ರೋಗಿಗಳೂ ಇದ್ದರು. ತಮಗೆ ಯಾವ ಚಿಕಿತ್ಸೆ ಸಿಗುತ್ತದೋ ತಿಳಿಯದೆ ಒಪ್ಪಿಕೊಂಡ ಆ ಅಪರಿಚಿತರೂ ಅಮ್ಮನ ನಿರ್ಧಾರದ ಹಿಂದೆ ನಿಂತಿದ್ದಾರೆ. ಹಾಗೆಯೇ, 1879ರಲ್ಲಿ ನೈಟ್ರೇಟ್ ಗುಂಪಿನ ನೈಟ್ರೊಗ್ಲಿಸರಿನ್ ಅನ್ನು ಎದೆ ಹಿಡಿತಕ್ಕೆ ಬಳಸಿ ವರದಿ ಮಾಡಿದ ಲಂಡನ್ನಿನ ಡಾಕ್ಟರ್ ವಿಲಿಯಂ ಮರೆಲ್, ಬೀಟಾ ಬ್ಲಾಕರ್ ಪ್ರೊಪ್ರನಲಾಲ್ ರೂಪಿಸಿ 1988ರಲ್ಲಿ ನೊಬೆಲ್ ಪಡೆದ ಜೇಮ್ಸ್ ಬ್ಲ್ಯಾಕ್ ಅವರಿಗೂ ಇಲ್ಲಿಂದಲೇ ಕೈ ಮುಗಿಯುತ್ತೇವೆ.

ಮತ್ತಿ ತೊಗಟೆಯ ಕಷಾಯ ತಂದುಕೊಟ್ಟ ಪಕ್ಕದ ಮನೆಯ ಅಜ್ಜಿ, ‘ಡಾಕ್ಟರನ್ನು ಕೇಳಿ ಕುಡಿಸಿ, ಮಾತ್ರೆ ಮಾತ್ರ ಬಿಡಿಸಬೇಡಿ’ ಎಂದೂ ಸೇರಿಸಿದ್ದರು. ಶಿವರಾತ್ರಿಯ ಉಪವಾಸದ ದಿನವೂ ಮಾತ್ರೆ ನೀರಿನ ಜೊತೆ ನಡೆಯಲಿ ಎಂದ ಅರ್ಚಕರ ಮಾತು ಅಮ್ಮನಿಗೆ ನಮ್ಮ ನೂರು ಮಾತಿಗಿಂತ ಹೆಚ್ಚು ತಾಗಿತು.

ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಯನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಕಡೆ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ಆಗಲೇ ನೋಡಿ ಹೇಳುತ್ತಾರೆ. ಹೃದಯಾಘಾತವೇ ಆಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ವಿಶ್ರಾಂತಿಯಲ್ಲೂ ನೋವು ಬಂದರೆ, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬಂದರೆ, ನಾಲಿಗೆ ಕೆಳಗಿನ ಮಾತ್ರೆ ದಿನದಿನಕ್ಕೆ ಹೆಚ್ಚು ಬೇಕಾದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಲ್ಲಿಗೆ ಹೋಗಬೇಕು.

ಬಿಪಿ, ನಾಡಿ, ನೋವು ಬಂದ ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಇಟ್ಟ ಮಾತ್ರೆ, ಇಳಿಯಲು ಹಿಡಿದ ನಿಮಿಷ, ಇಷ್ಟನ್ನು ಬರೆಯುವ ಒಂದು ಹಾಳೆಯನ್ನು ಸಿಸ್ಟರ್ ಮತ್ತು ಅಂಗಡಿಯ ಅಣ್ಣ ಕೂಡಿ ದೊಡ್ಡ ಕನ್ನಡ ಅಕ್ಷರದಲ್ಲಿ ಮಾಡಿಕೊಟ್ಟರು. ಹಿಂಬದಿಯಲ್ಲಿ ಈಗಿನ ಮಾತ್ರೆಗಳ ಪಟ್ಟಿ, ಅದರ ಕೆಳಗೆ ‘ನಿಲ್ಲಿಸಿದ ಮಾತ್ರೆ, ತಾರೀಖು, ಕಾರಣ’ ಎಂಬ ಮೂರು ಮನೆ. ಅದರ ಖಾಲಿ ಪ್ರತಿಗಳನ್ನು ಜೆರಾಕ್ಸ್ ಮಾಡಿಸಿ ಅದೇ ಅಂಗಡಿಯ ಕೌಂಟರಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ತೆಗೆದುಕೊಂಡು ಹೋಗಬಹುದು, ಕೇಳಬೇಕಾಗಿಲ್ಲ.